ಮಾಳವ್ವನ ಬೋಕಿಗುಡ್ಡ

ಕೆಂಗೊಂಡನಹಳ್ಳಿಯನ್ನು ದಾಟಿ ಕೆರೆಯ ಏರಿಯ ಮೇಲೆ ಪಡುವಣಕ್ಕೆ ಹೋದರೆ ಎಡಗಡೆಗೆ ಗಿಡಮರಗಳಿಲ್ಲದ ಒಂದು ಕೆಂಪು ಗುಡ್ಡ ಕಾಣುತ್ತದೆ. ದೂರದಿಂದ ಅದು ಮಣ್ಣಿನ ಬಣ್ಣವೆಂದೇ ತೋರುತ್ತದೆ. ಹತ್ತಿದವರಿಗೆ ಮಾತ್ರ ಕಾಲಡಿಯಲ್ಲಿ ಇರುವುದೆಲ್ಲ ಒಡೆದ ಮಡಕೆಗಳ ಚೂರು ಎಂದು ತಿಳಿಯುತ್ತದೆ. ಅಂಥ ಚೂರಿಗೆ ಈ ಸೀಮೆಯಲ್ಲಿ ಬೋಕಿ ಎನ್ನುತ್ತಾರೆ. ನೆತ್ತಿಯ ಮೇಲೆ ಚಪ್ಪಡಿಕಲ್ಲಿನ ಒಂದು ಚಿಕ್ಕ ಗುಡಿಯಿದೆ. ಅದರೊಳಗೆ ಮೂರ್ತಿಯಿಲ್ಲ, ಕುಂಬಾರರ ಚಕ್ರವಾದ ತಿಗರಿಯೊಂದನ್ನು ಕಲ್ಲಿನಲ್ಲಿ ಕಡೆದು ಇಟ್ಟಿದ್ದಾರೆ. ಯಾವುದೋ ಯುದ್ಧದಲ್ಲಿ ಮದ್ದಿನ ಗಡಿಗೆಗಳು ಇಲ್ಲಿ ಸಿಡಿದವೆಂದು ದಾರಿಬದಿಯ ಫಲಕ ಹೇಳುತ್ತದೆ. ಅದನ್ನು ಬರೆದವರು ಗುಡ್ಡ ಹತ್ತಿದಂತಿಲ್ಲ, ಊರಿನ ಹೆಂಗಸರನ್ನಂತೂ ಕೇಳಿಲ್ಲ. ಇಲ್ಲಿ ಯುದ್ಧ ನಡೆದದ್ದು ನಿಜ. ಆದರೆ ಅದರಲ್ಲಿ ಮದ್ದೂ ಇರಲಿಲ್ಲ, ಕತ್ತಿಯೂ ಇರಲಿಲ್ಲ.

ಪಾಳೆಯಗಾರರ ಕಾಲದಲ್ಲಿ ಈ ಊರಿನಲ್ಲಿ ನಲವತ್ತು ಕುಂಬಾರರ ಮನೆಗಳಿದ್ದವಂತೆ. ಕೆರೆಯಂಗಳದಿಂದ ಮಣ್ಣು ಹೊರುವುದು, ಒಣಗಿಸಿ ಕುಟ್ಟುವುದು, ಅದರಲ್ಲಿನ ಸುಣ್ಣದ ಹರಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದು, ನೀರು ಹಾಕಿ ಕಾಲಿನಿಂದ ತುಳಿದು ಹದ ಮಾಡುವುದು, ಇಷ್ಟೂ ಹೆಂಗಸರ ಪಾಲು. ತಿಗರಿಯ ಮುಂದೆ ಕೂತು ಮಡಕೆ ಎತ್ತುವುದು ಗಂಡಸರ ಪಾಲು. ಹೆಣ್ಣು ಮುಟ್ಟಿದ ತಿಗರಿ ಮೈಲಿಗೆಯಾಗುತ್ತದೆ, ಅದನ್ನು ಸುಡಬೇಕು ಎಂಬುದು ಕಟ್ಟಳೆ. ಮಡಕೆ ಮಾಡಿದವನು ಗಂಡಸು ಎಂದ ಮೇಲೆ ಅರಮನೆಯ ವೀಳ್ಯವೂ ಅವನದೇ, ಕೆರೆಯ ಮಣ್ಣಿನ ಹಕ್ಕೂ ಅವನದೇ. ಆ ಊರಿನ ಕೆಂಚಯ್ಯ ಎಂಬ ಕುಂಬಾರ ಹಾವು ಕಚ್ಚಿ ತೀರಿಕೊಂಡಾಗ ಅವನ ಹೆಂಡತಿ ಮಾಳವ್ವನ ಮಡಿಲಲ್ಲಿ ಒಂದು ಹೆಣ್ಣುಮಗುವಿತ್ತು. ಆ ವರ್ಷ ಪಾಳೆಯಗಾರ ಮುದಿಯಪ್ಪನಾಯಕ ಕೋಟೆಯ ಕಣಜಕ್ಕೆಂದು ಮನೆಗೆ ಹತ್ತರಂತೆ ದವಸ ತುಂಬುವ ವಾಡೆಗಳನ್ನು ಕೇಳಿದ. ಆಳೆತ್ತರದ ಮಡಕೆಗಳು ಅವು. ಕೊಡದ ಮನೆಗೆ ಮಣ್ಣಿನ ಹಕ್ಕು ತಪ್ಪುತ್ತಿತ್ತು. ತಪ್ಪಿದರೆ ಅದು ಕೆಂಚಯ್ಯನ ಅಣ್ಣನೂ ಕುಂಬಾರರ ಯಜಮಾನನೂ ಆದ ಕರಿಬಸಯ್ಯನಿಗೆ ಸೇರುತ್ತಿತ್ತು. ಮಾಳವ್ವ ಬಾಗಿಲು ಮುಚ್ಚಿ ಗಂಡನ ತಿಗರಿಯ ಮುಂದೆ ಕೂತಳು. ಹನ್ನೆರಡು ವರ್ಷ ಎದುರಿಗೆ ನಿಂತು ನೋಡಿದ ಕೆಲಸ ಅವಳ ಕೈಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ ಎನ್ನುತ್ತಾರೆ.

ಉಗ್ರಾಣದ ಅಧಿಕಾರಿ ಬಂದು ನಾನೂರು ವಾಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಎಲ್ಲಕ್ಕಿಂತ ಚೆನ್ನಾಗಿ ದನಿಗೊಟ್ಟ ಹತ್ತನ್ನು ಬೇರೆ ಇರಿಸಿ ಮಾಡಿದವರು ಯಾರೆಂದು ಕೇಳಿದ. ಸುಮ್ಮನಿದ್ದಿದ್ದರೆ ಅವಳ ಮಣ್ಣು ಅವಳಿಗೇ ಉಳಿಯುತ್ತಿತ್ತೇನೋ. ಮಾಳವ್ವ ಮುಂದೆ ಬಂದು ನಾನು ಎಂದಳು. ಅಧಿಕಾರಿ ಹುಬ್ಬೇರಿಸಿದ. ಮೈಲಿಗೆಯ ಸಾಮಾನು ಅರಮನೆಗೆ ಬೇಡ, ಇವಳ ಪಾಲು ಬೆರೆತ ರಾಶಿಯೂ ಬೇಡ, ತಿಂಗಳೊಳಗೆ ಹೊಸದಾಗಿ ಎಲ್ಲವನ್ನೂ ಮಾಡಿ ಒಪ್ಪಿಸುತ್ತೇವೆ ಎಂದು ಕರಿಬಸಯ್ಯನೇ ಅವನಿಗೆ ಮಾತು ಕೊಟ್ಟ. ಅಂದೇ ಕುಲದ ಪಂಚಾಯಿತಿ ಸೇರಿತು. ಹತ್ತು ವಾಡೆಗಳನ್ನು ಅವಳ ಕಣ್ಣೆದುರಿಗೇ ಒಡೆದರು, ಉಳಿದ ರಾಶಿಯನ್ನು ಸಂತೆಗೆ ಸಾಗಿಸಿದರು, ತಿಗರಿಯನ್ನು ಸುಟ್ಟರು, ಮಣ್ಣಿನ ಹಕ್ಕನ್ನು ಕಿತ್ತುಕೊಂಡರು. ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು.

“ಭಾವ, ಈ ಮಣ್ಣನ್ನು ತುಳಿದದ್ದು ನನ್ನ ಕಾಲು. ಕಾಲಿಗಿಲ್ಲದ ಮೈಲಿಗೆ ಕೈಗೆ ಎಲ್ಲಿಂದ ಬಂತು?”

“ಕಾಲು ಕಾಲಿನ ಕೆಲಸ ಮಾಡಲಿ, ತಾಯಿ,” ಎಂದ ಕರಿಬಸಯ್ಯ. “ಕೈ ಬೇಕಾದಾಗ ಹೇಳಿಕಳಿಸ್ತೀವಿ.”

ಗಂಡಸರೆಲ್ಲ ನಕ್ಕರು. ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಆ ದಿನ ಯಾರಾದರೂ ಅವರ ಕಡೆಗೆ ತಿರುಗಿ ನೋಡಿದ್ದರೆ ಈ ಗುಡ್ಡಕ್ಕೆ ಇಂಥ ಹೆಸರು ಬರುತ್ತಿರಲಿಲ್ಲ.

ಮರುದಿನದಿಂದ ಮಾಳವ್ವ ಒಲೆಗೆ ಕೆಂಡ ಕೇಳುವ ನೆಪದಲ್ಲಿ ಮನೆಮನೆಗೆ ಹೋದಳು. ಮಣ್ಣು ಹೊರಬೇಡಿ ಎನ್ನಲಿಲ್ಲ, ತುಳಿಯಬೇಡಿ ಎನ್ನಲಿಲ್ಲ. ಯಜಮಾನರು ಹೇಳಿದಷ್ಟನ್ನೇ ಮಾಡಿ, ಕಾಲಿನ ಕೆಲಸ ಮಾತ್ರ ಮಾಡಿ ಎಂದಳು. ಹರಳು ಆರಿಸುವುದು ಕೈಯ ಕೆಲಸ. ಆರಿಸುವ ಮೊರವನ್ನು ಮೊದಲು ಗೋಡೆಗೆ ನೇತುಹಾಕಿದವಳು ಕರಿಬಸಯ್ಯನ ಹೆಂಡತಿ ಈರಕ್ಕನೇ ಅಂತೆ. ಎಂದೂ ಮಣ್ಣು ಆರಿಸದ ಗಂಡಸರಿಗೆ ಅದರಲ್ಲಿ ಏನಿರುತ್ತದೆಂಬುದೇ ಗೊತ್ತಿರಲಿಲ್ಲ. ಬೆರಳಿಗೆ ಒರಟು ತಾಗಿದಾಗ ಮರಳಿರಬೇಕು ಎಂದುಕೊಂಡರು. ಈ ಸಲದ ಮಣ್ಣು ಗಟ್ಟಿಯಾಗಿದೆ ಎಂದು ಕರಿಬಸಯ್ಯ ಹೆಂಡತಿಯನ್ನು ಹೊಗಳಿದನಂತೆ. ಹರಳು ಅಂಗಾಲಿಗೆ ಚುಚ್ಚುತ್ತಿದ್ದರೂ ಅವಳು ತಲೆ ತಗ್ಗಿಸಿ ತುಳಿಯುತ್ತಲೇ ಇದ್ದಳು.

ಆವಿಗೆಯಲ್ಲಿ ಬೆಂದು ಬಂದ ವಾಡೆಗಳಲ್ಲಿ ಒಂದು ಸೀಳೂ ಇರಲಿಲ್ಲ. ಅವನ್ನು ಗುಡ್ಡದ ಮೇಲೆ ಸಾಲಾಗಿ ಜೋಡಿಸಿದರು. ಎಂಟನೆಯ ದಿನ ಪಾಳೆಯಗಾರ ತಾನೇ ನೋಡಲು ಬಂದ. ಬೆಳಗಿನಿಂದ ಜಡಿಮಳೆ ಹಿಡಿದಿತ್ತು. ಬೆಂದ ಸುಣ್ಣಕ್ಕೆ ನೀರು ತಾಗಿದರೆ ಏನಾಗುತ್ತದೆಂದು ಗೋಡೆಗೆ ಸುಣ್ಣ ಬಳಿದ ಯಾವ ಹೆಂಗಸಿಗೂ ಗೊತ್ತು. ಕರಿಬಸಯ್ಯ ವೀಳ್ಯಕ್ಕೆ ಕೈಯೊಡ್ಡುವ ಹೊತ್ತಿಗೆ ಮೊದಲ ವಾಡೆ ಚಿಟ್ಟೆಂದು ಚಕ್ಕೆಯೆದ್ದಿತು. ಆಮೇಲೆ ಅದರ ಪಕ್ಕದ್ದು. ಒಳಗಿನ ಹರಳು ಅರಳಿ ನಾನೂರು ವಾಡೆಗಳೂ ನಿಂತಲ್ಲೇ ಸೀಳಿ ಕುಸಿದವು. ಗಂಡಸರು ಒಂದನ್ನು ಹಿಡಿಯಲು ಓಡಿದರೆ ಇನ್ನೊಂದು ಬೆನ್ನ ಹಿಂದೆ ಬೀಳುತ್ತಿತ್ತು. ಹೆಂಗಸರು ಏರಿಯ ಮೇಲೆ ಸಾಲಾಗಿ ಕೂತು ಕೊನೆಯದು ಬೀಳುವವರೆಗೂ ನೋಡಿದರು.

ಮುದಿಯಪ್ಪನಾಯಕ ಊರಿಗೆಲ್ಲ ಹದಿನೈದು ದಿನದ ಗಡುವು ಕೊಟ್ಟ. ಮೀರಿದರೆ ನಲವತ್ತು ಮನೆಗಳೂ ಊರು ಬಿಡಬೇಕು ಎಂದ. ಚೂರುಗಳಲ್ಲಿ ಸುಣ್ಣದ ಹರಳನ್ನೂ ಮನೆಯ ಗೋಡೆಯಲ್ಲಿ ನೇತಾಡುವ ಮೊರವನ್ನೂ ಕಂಡ ಕರಿಬಸಯ್ಯ ತಮ್ಮನ ಮನೆಯ ಬಾಗಿಲಿಗೆ ಬಂದು ನಿಂತ.

“ಏನು ಭಾವ, ಕೈ ಬೇಕಾಯ್ತಾ?” ಎಂದಳು ಮಾಳವ್ವ.

ತನ್ನ ತಿಗರಿಯನ್ನೇ ತಂದು ಕೊಡುತ್ತೇನೆ, ಮಣ್ಣಿನ ಹಕ್ಕು ಇನ್ನು ಮೇಲೆ ಗಂಡು ಹೆಣ್ಣೆನ್ನದೆ ಇಬ್ಬರಿಗೂ ಸಮ ಎಂದು ಅವನು ಒಪ್ಪಿಕೊಂಡ. ಅವಳಿಗೆ ಅಷ್ಟು ಸಾಲಲಿಲ್ಲ. ಪಂಚಾಯಿತಿ ಸೇರಿದ ಜಾಗದಲ್ಲೇ, ಊರೆಲ್ಲ ನೋಡುವಂತೆ, ಹರಳು ಆರಿಸದ ಮಣ್ಣನ್ನು ಅವನಿಂದ ಬರಿಗಾಲಲ್ಲಿ ತುಳಿಸಿದಳು. ಅಂಗಾಲು ಹರಿದು ಮಣ್ಣು ಕೆಂಪಾಯಿತು. ಆಗ ಅವನನ್ನು ಕೂರಿಸಿ ಅದೇ ಹರಳುಗಳನ್ನು ಒಂದೊಂದಾಗಿ ಆರಿಸಲು ಹಚ್ಚಿ ತಾನು ತಿಗರಿ ತಿರುಗಿಸಿದಳು. ಮನೆಮನೆಯ ಗೋಡೆಯಿಂದ ಮೊರಗಳು ಇಳಿದವು, ಗಡುವಿನೊಳಗೆ ವಾಡೆಗಳು ಕೋಟೆ ಸೇರಿದವು. ಗುಡ್ಡದ ಮೇಲಿನ ಚೂರುಗಳನ್ನು ಗುಡಿಸಿಬಿಡೋಣವೆಂದು ಗಂಡಸರು ಬೇಡಿಕೊಂಡರು. ಬಿದ್ದಲ್ಲೇ ಬಿದ್ದಿರಲಿ ಎಂದಳಂತೆ. ಕೊನೆಗಾಲದಲ್ಲಿ ಅವಳು ಭಾವನನ್ನು ಕ್ಷಮಿಸಿದಳೆಂದು ಹೇಳುವವರಿದ್ದಾರೆ. ಅವರೆಲ್ಲ ಗಂಡಸರು.

ಇಂದು ಗುಡ್ಡ ಹತ್ತಿದವರು ಯಾವುದೇ ಬೋಕಿಯನ್ನು ಎತ್ತಿ ನೋಡಿದರೂ ಸೀಳಿನ ನಡುವೆ ಜೋಳದ ಕಾಳಿನಷ್ಟು ಬಿಳಿಯ ಗುರುತು ಕಾಣುತ್ತದೆ. ಕೆಳಗಿನ ಊರಿನಲ್ಲಿ ಹೆಂಗಸರು ಹಗಲು ಬೆಳಕಿನಲ್ಲಿ, ಬಾಗಿಲು ತೆರೆದಿಟ್ಟು ತಿಗರಿ ತಿರುಗಿಸುತ್ತಾರೆ. ಈ ಊರಿನ ಹೆಣ್ಣನ್ನು ತರಲು ಬಂದ ಮದುಮಗ ಮೊದಲು ಗುಡಿಯ ಮುಂದೆ ಕೂತು ಒಂದು ಬುಟ್ಟಿ ಮಣ್ಣಿನ ಹರಳು ಆರಿಸಬೇಕು. ಆರಿಸಿದ ಮಣ್ಣನ್ನು ಮದುಮಗಳು ಬರಿಗಾಲಲ್ಲಿ ತುಳಿದು ನೋಡುತ್ತಾಳೆ. ಒಂದು ಹರಳು ಚುಚ್ಚಿದರೂ ಅವನು ಮತ್ತೆ ಮೊದಲಿನಿಂದ ಆರಿಸಬೇಕು. ಮುಹೂರ್ತ ಮೀರುತ್ತದೆಂದು ಗಂಡಿನ ಕಡೆಯವರು ಗೊಣಗಿದರೆ ಊರಿನ ಮುದುಕಿಯರು ತಲೆಯೆತ್ತದೆ, ಮೀರಲಿ ಎನ್ನುತ್ತಾರೆ.