ಗಾಡಿ ಏರಿದ ನಿದ್ದೆ

ಕೇಳ್ತೀರೇನು? ಹಾಗಾದರೆ ಕಿವಿಯೊಳಗಿನ ಹತ್ತಿ ತೆಗೆದು ಕೇಳಿ. ಒಂದು ಊರು, ಆ ಊರಿಗೊಂದು ಗಾದಿ ಹೊಲಿಯುವ ಮನೆ. ಅಲ್ಲಿ ಹಗಲೆಲ್ಲ ಹತ್ತಿ ಹಿಂಜುವ ಕಮಾನು ಡುಂಯ್ ಡುಂಯ್ ಅನ್ನುತ್ತಿತ್ತು, ಅರಳೆ ಹಾರುತ್ತಿತ್ತು, ದಾರಿಯಲ್ಲಿ ಹೋಗುವವರಿಗೂ ಆಕಳಿಕೆ ಬರುತ್ತಿತ್ತು. ಊರಿಗೆಲ್ಲ ನಿದ್ದೆ ಕೊಡುವ ಮನೆ. ಆದರೆ ಮನೆಯೊಡತಿ ಹುಸೇನವ್ವನಿಗೆ ಮಾತ್ರ ಗಂಡ ತೀರಿಹೋದ ದಿನದಿಂದ ನಿದ್ದೆಯಿಲ್ಲ. ಯಾಕೆ ಅಂದರೆ, ಯಜಮಾನಿಕೆ ಈಗ ಮಗ ದಾವಲನದು. ದಾವಲ ಒಳ್ಳೆಯವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೂ ಒಂದು ದಿನ ತಡವಾಗಿ!

ಕೆಲಸಕ್ಕಿದ್ದವರು ಇಬ್ಬರು. ಹತ್ತಿ ಹಿಂಜುವ ಇಮಾಮಜ್ಜ, ಗಾದಿ ಹೊಲಿಯುವ ಮಾಬವ್ವ. ಇವರು ಬಿಟ್ಟು ಹೋದರೆ ಕಮಾನು ಗೂಟಕ್ಕೆ. ಅದೇ ಹುಸೇನವ್ವನ ಚಿಂತೆ.

“ದಾವಲಾ, ದೊಡ್ಡ ಮನೀ ಮದುವಿಗೆ ಎರಡು ಗಾದಿ ಆಗಬೇಕು. ಸುಮ್ಮನ ಕುಂದ್ರಬ್ಯಾಡ. ಹತ್ತಿರ ನಿಂತು ಕೆಲಸ ನೋಡು!”

“ಆತ್ ಯವ್ವಾ!”

ಹೋದ, ನಿಂತ, ನೋಡಿದ. ಇಮಾಮಜ್ಜನ ಮೂಗಿನಿಂದ ಒಂದು ಗೇಣು ದೂರದಲ್ಲಿ ನಿಂತು ನೋಡಿದ. ಅಜ್ಜ ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ರೆಪ್ಪೆಯ ಮೇಲೆ ಅರಳೆ ಕೂತರೂ ಕಣ್ಣು ಮಿಟುಕಿಸಲಿಲ್ಲ. ಅಜ್ಜನ ಏಟು ತಪ್ಪಿತು, ಕಮಾನಿನ ತಂತಿ ಪಟ್ಟನೆ ಹರಿಯಿತು.

ಹುಸೇನವ್ವ ಹಣೆ ಬಡಿದುಕೊಂಡಳು. “ಹಂಗ ನೋಡ್ತಾರೇನೋ! ಕೇಳಿದ್ದು ಕೈಗೆ ಕೊಟ್ಟು ದೂರ ಸರೀಬೇಕು!”

“ಆತ್ ಯವ್ವಾ!”

ಮರುದಿನ ಅಜ್ಜ ಹೊಸ ತಂತಿ ತರಲು ಪೇಟೆಗೆ ಹೋಗಿದ್ದ. ಮಾಬವ್ವ ಬಟ್ಟೆ ತೆಗೆಯಲು ಅಟ್ಟ ಏರುತ್ತಿದ್ದಳು. “ತಮ್ಮಾ, ಕತ್ತರಿ ಕೊಟ್ಟು ಏಣಿ ಹಿಡಿಯೋ!”

ದಾವಲ ಕತ್ತರಿ ಕೊಟ್ಟ, ದೂರ ಸರಿದ. ಎಷ್ಟು ದೂರ? ಕೆರೆಯ ತನಕ! ಅಲ್ಲಿ ಕೂತು ಮೋಡ ನೋಡಿದ. ಇಷ್ಟೊಂದು ಹತ್ತಿಯನ್ನು ಅಲ್ಲಿ ಯಾರು ಹಿಂಜಿದರು ಅಂತ ಸಂಜೆಯವರೆಗೆ ಯೋಚಿಸಿದ. ಇತ್ತ ಏಣಿ ಜಾರಿ ಬಿದ್ದು, ಮಾಬವ್ವ ಅಟ್ಟದ ಮೇಲೆ ಕೂತು ಅವನ ಏಳು ತಲೆಮಾರಿಗೂ ಬೈದಳು.

“ಮಂಗ್ಯಾ!” ಹುಸೇನವ್ವ ಕೂಗಿದಳು. “ಬೀಳೋರನ್ನ ಬಿಟ್ಟು ಹೋಗ್ತಾರೇನೋ! ಗಟ್ಟಿ ಹಿಡೀಬೇಕು, ಬಿಡಬಾರದು!”

“ಆತ್ ಯವ್ವಾ!”

ಮೂರನೆಯ ದಿನ ಇಮಾಮಜ್ಜ ಹತ್ತಿ ಹಿಂಜಲು ಕೈ ಎತ್ತಿದ. ದಾವಲ ಆ ಕೈಯನ್ನೇ ಗಟ್ಟಿಯಾಗಿ ಹಿಡಿದ.

“ಬಿಡೋ ತಮ್ಮಾ!”

“ಬಿಡಂಗಿಲ್ಲ ಅಜ್ಜಾ! ನಾ ಅದೀನಿ!”

“ಉಣ್ಣಾಕರ ಬಿಡೋ!”

“ಬಿಡಂಗಿಲ್ಲ!”

ಕೊನೆಗೆ ಮಾಬವ್ವನೇ ಅಜ್ಜನಿಗೆ ತುತ್ತು ಮಾಡಿ ಉಣ್ಣಿಸಿದಳು.

ಹುಸೇನವ್ವ ಮತ್ತೆ ಹಣೆ ಬಡಿದುಕೊಂಡಳು. “ದುಡಿಯೋ ಕೈ ಹಿಡೀಬಾರದೋ! ಶಾಬಾಸ್ ಅನ್ನಬೇಕು, ಬಾಯಿ ತುಂಬ ಅನ್ನಬೇಕು!”

“ಆತ್ ಯವ್ವಾ!”

ನಾಲ್ಕನೆಯ ದಿನ ಮಾಬವ್ವನ ಬೆರಳಿಗೆ ದಬ್ಬಳ ಹೊಕ್ಕಿತು. “ಯಪ್ಪಾ!”

“ಶಾಬಾಸ್ ಮಾಬಕ್ಕಾ! ಎಷ್ಟು ಆಳ ಹೊಕ್ಕೈತಿ! ಇನ್ನೊಮ್ಮೆ!”

ಮಾಬವ್ವ ದಬ್ಬಳ ಬಿಸಾಕಿದಳು. “ನಾಳೆ ಈ ಎರಡು ಗಾದಿ ಮುಗಿಸ್ತೀವಿ. ನಾಡಿದ್ದು ನಾವು ಬರಂಗಿಲ್ಲ.” ಇಮಾಮಜ್ಜನೂ ಹೌದೆಂದು ತಲೆ ಆಡಿಸಿದ.

ಅವತ್ತು ಹುಸೇನವ್ವ ಬೈಯಲಿಲ್ಲ. ದಾವಲನಿಗೆ ಅದೇ ಹೆಚ್ಚು ನೋವಾಯಿತು.

“ಮಗನ, ನಿಮ್ಮಪ್ಪ ಏನ್ ಮಾಡ್ತಿದ್ದ ಗೊತ್ತೇನು? ಏನು ಬೇಕು ಅಂತ ಮೊದಲು ಅವರನ್ನ ಕೇಳ್ತಿದ್ದ. ಕೇಳಿದ್ದು ಕೊಟ್ಟು, ಅದು ಕೆಡದಂಗ ಕಾಯ್ತಿದ್ದ. ಅಷ್ಟ.”

ಮರುದಿನ ಮಧ್ಯಾಹ್ನ ಗಾದಿ ಮುಗಿದವು. ದಾವಲ ಕೇಳಿದ, “ಅಜ್ಜಾ, ಮಾಬಕ್ಕಾ, ನಿಮಗ ಏನು ಬೇಕು?”

ಇಬ್ಬರೂ ಅವನ ಮುಖ ನೋಡಿದರು. “ನಿದ್ದಿ ಬೇಕೋ ತಮ್ಮಾ. ನಿನ್ನ ದೆಸಿಯಿಂದ ಕಣ್ಣು ಮುಚ್ಚಿಲ್ಲ!”

“ಮಲಗ್ರಿ!” ಅಂತ ಹೊಸ ಗಾದಿ ತೋರಿಸಿದ. ಅಜ್ಜ ಒಂದರ ಮೇಲೆ, ಮಾಬವ್ವ ಇನ್ನೊಂದರ ಮೇಲೆ. ತಲೆ ಇಟ್ಟದ್ದಷ್ಟೇ ಗೊತ್ತು. ಗಾಳಿಯಲ್ಲಿದ್ದ ಅರಳೆ ಮೆಲ್ಲಗೆ ಅವರ ಮೇಲೆ ಇಳಿಯಿತು. ಆಗಲೇ ದೊಡ್ಡ ಮನೆಯ ಎರಡು ಗಾಡಿ ಬಂದು ನಿಂತವು! ಗಾದಿ ಕಳಿಸಬೇಕು, ನಿದ್ದೆ ಕೆಡಬಾರದು. ದಾವಲ ಗಾಡಿಯವರನ್ನು ಸೇರಿಸಿಕೊಂಡು ಮಲಗಿದವರ ಸಮೇತ ಗಾದಿ ಎತ್ತಿ ಗಾಡಿಗೆ ಏರಿಸಿಬಿಟ್ಟ.

ಗಾಡಿ ದೊಡ್ಡ ಮನೆ ಮುಟ್ಟಿದಾಗ ಮದುವೆಯವರು ಬಂದು ನೋಡಿದರೆ ಗೊರಕೆ! “ಕಲ್ಲಿನ ದಾರಿಯೊಳಗೂ ಎಚ್ಚರ ಆಗಿಲ್ಲಲ್ಲೋ! ನಮಗೂ ಇಂಥಾ ಗಾದಿ ಬೇಕು!” ಅಂತ ನೆಂಟರೆಲ್ಲ ಮುಗಿಬಿದ್ದರು. ಎದ್ದ ಇಮಾಮಜ್ಜ ಮೊದಲು ಕೆಂಡವಾದ. ಊರವರೆಲ್ಲ ತನ್ನ ಕೈಕೆಲಸವನ್ನು ಸವರಿ ನೋಡುವುದನ್ನು ಕಂಡ ಮೇಲೆ ನಕ್ಕುಬಿಟ್ಟ. “ನಾಳೆ ಕೆಲಸಕ್ಕ ಬರ್ತೀವಿ, ಏನ್ ಮಾಬವ್ವಾ?” ಮಾಬವ್ವ ಬೆರಳು ನೋಡಿಕೊಂಡು ಹೂಂ ಅಂದಳು.

ಬಂದರು, ಹಿಂಜಿದರು, ಹೊಲಿದರು. ದೂರದ ಊರಿನ ನೆಂಟರು ಕೇಳಿದ್ದ ಗಾದಿ ಮೊದಲು ಮುಗಿಯಿತು. ಹುಸೇನವ್ವ ಅದನ್ನು ಸವರಿದಳು, ಕೂತಳು, ಕಮಾನಿನ ಸದ್ದು ಕೇಳುತ್ತ ಹಾಗೇ ಒರಗಿದಳು. ಎಷ್ಟೋ ದಿನಕ್ಕೆ ಅವಳಿಗೆ ನಿದ್ದೆ ಹತ್ತಿತು.

“ಎಬ್ಬಿಸಬ್ಯಾಡೋ ತಮ್ಮಾ,” ಅಂತ ಹೇಳಿ ಅಜ್ಜ, ಮಾಬವ್ವ ಊಟಕ್ಕೆ ಹೋದರು. ಉಂಡು ಬಂದು ನೋಡಿದರೆ ಅಂಗಳ ಖಾಲಿ!

“ನಿಮ್ಮವ್ವ ಎಲ್ಲೋ?”

“ನೆಂಟರ ಗಾಡಿ ಬಂತು, ಕಳಿಸೀನಿ ಅಜ್ಜಾ, ಗಾದಿ ಸಮೇತ! ನಿದ್ದಿ ಒಂಚೂರೂ ಕೆಟ್ಟಿಲ್ಲ!”

ಗಾಡಿ ಇನ್ನೂ ಹೋಗುತ್ತಿದೆ. ಹುಸೇನವ್ವ ಎದ್ದಾಗ ಬೈಗುಳ ನಿಮಗೂ ಕೇಳಿಸುತ್ತದೆ. ಅಲ್ಲಿಯವರೆಗೆ ಗದ್ದಲ ಮಾಡಬೇಡಿ.