ಹಾಡಿಯ ಹೊರಗಿನ ಕಲ್ಲು

ಗುರು ಕರಿಬಸವಯ್ಯನವರಿಗೆ ಕೆಮ್ಮು ಹಿಡಿದು ತಿಂಗಳಾಗಿತ್ತು. ಈಗೀಗ ಮಾತಿಗಿಂತ ಕೆಮ್ಮೇ ಹೆಚ್ಚು. ಗುರುಗಳು ಎಲ್ಲಿ ಕೈಬಿಟ್ಟು ಹೋಗುತ್ತಾರೋ ಎಂದು ಶಿಷ್ಯ ಮರುಳಸಿದ್ಧನಿಗೆ ಜೀವದಲ್ಲಿ ಜೀವವಿರಲಿಲ್ಲ.

ಕಾಡಿನ ಬುಡಕಟ್ಟು ಜನರ ಹಾಡಿಯಲ್ಲಿ ಕೇತಮ್ಮ ಎಂಬ ಮುದುಕಿಯ ಬಳಿ ಕೆಮ್ಮಿಗೆ ಒಂದು ಬೇರು ಇದೆಯೆಂದು ಯಾರೋ ಹೇಳಿದರು. ಬೆಳಿಗ್ಗೆಯೇ ಓಡಿದ. ಮಧ್ಯಾಹ್ನ ಬರಿಗೈಯಲ್ಲಿ, ಮುಖ ಊದಿಸಿಕೊಂಡು ಬಂದ.

"ಒರಟು ಜನ, ಗುರುಗಳೇ. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಳು."

"ಹಾಡಿಯಲ್ಲಿ ಎಲ್ಲಿ ಕೂತಿದ್ದೆ?"

"ಕೂರಲು ಪುರಸೊತ್ತೆಲ್ಲಿತ್ತು? ನೇರ ಅವಳ ಗುಡಿಸಲಿಗೆ ಹೋದೆ. ಬೇರುಗಳನ್ನು ಒಣಗಲು ಇಟ್ಟಿದ್ದ ಬುಟ್ಟಿಗೆ ಕೈಹಾಕಿ, ಕೆಮ್ಮಿನ ಬೇರು ಯಾವುದು ಅಂತ ಕೇಳಿದೆ."

ಮರುದಿನ ಗುರುಗಳು ಅವನ ಹೆಗಲು ಹಿಡಿದು ತಾವೇ ಹೊರಟರು.

ಹಾಡಿಯ ಹೊರಗೆ ಹೊನ್ನೆ ಮರದಡಿ ಒಂದು ಚಪ್ಪಟೆ ಕಲ್ಲು. ಹೊರಗಿನವರು ಅಲ್ಲೇ ಕೂರಬೇಕು, ಹಾಡಿಯವರು ನೀರು ತಂದು ಕರೆಯುವವರೆಗೆ. ಗುರುಗಳು ಚಪ್ಪಲಿ ಬಿಟ್ಟು ಕೂತರು.

ಬಿಸಿಲು ನೆತ್ತಿಗೆ ಬಂತು.

"ಕೂಗಲೇ?" ಅಂದ ಮರುಳಸಿದ್ಧ.

"ನಾವು ಬಂದದ್ದು ಅವರಿಗೆ ಗೊತ್ತು. ಸುಮ್ಮನಿರು."

ಕೊನೆಗೆ ಕೇತಮ್ಮ ಸೋರೆಬುರುಡೆಯಲ್ಲಿ ನೀರು ತಂದಳು. "ಒಳಕ್ಕೆ ಬನ್ನಿ ಸ್ವಾಮಿ."

ಸುಟ್ಟ ಗೆಣಸು ತಿಂದರು. ಅವಳ ಮಂಡಿನೋವು, ಕುಂಟುವ ಮೇಕೆ, ಈ ವರ್ಷ ಕಾಣದ ಹೆಜ್ಜೇನು, ಎಲ್ಲ ಮಾತಾಯಿತು, ಬೇರಿನ ಮಾತೊಂದು ಬಿಟ್ಟು. ನಡುನಡುವೆ ಕೆಮ್ಮು. ಆಮೇಲೆ ಗುರುಗಳು ಕೈಮುಗಿದು ಎದ್ದೇಬಿಟ್ಟರು.

ದಾರಿಯಲ್ಲಿ ಶಿಷ್ಯನಿಗೆ ಅಳುವೇ ಬಂತು. "ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತೇ?"

"ಗೆಣಸು ಚೆನ್ನಾಗಿತ್ತಲ್ಲವೇ?" ಅಂದರು ಗುರುಗಳು.

ಎರಡು ದಿನ ಕಳೆಯಿತು. ಮೂರನೆಯ ದಿನ ಮರುಳಸಿದ್ಧ ಅಂಗಳ ಗುಡಿಸುತ್ತ ತಲೆಯೆತ್ತಿದರೆ, ಆಶ್ರಮದ ಬೇಲಿಯಾಚೆ ಬಿಸಿಲಲ್ಲಿ ಕೇತಮ್ಮ ಕೂತಿದ್ದಾಳೆ! ಎಷ್ಟು ಹೊತ್ತಿನಿಂದಲೋ. ಪೊರಕೆ ಬಿಸಾಡಿ ಓಡಿದ.

"ಸ್ವಾಮ್ಯೋರು ಕೆಮ್ಮೋದ ಕೇಳಿ ಕರುಳು ಚುರುಕ್ ಅಂತು ಕಣಪ್ಪ," ಎಂದು ಅವಳು ಸೆರಗಿನ ಗಂಟು ಬಿಚ್ಚಿದಳು. "ಜೇನಲ್ಲಿ ತೇದು ಕೊಡು."

ಬೇರನ್ನು ಎರಡೂ ಕೈಯಲ್ಲಿ ಹಿಡಿದು ಅವನು ಒಂದೇ ಉಸಿರಿಗೆ ಒಳಗೆ ಓಡಿದ.

"ಬೇರು ಬಂತು ಗುರುಗಳೇ! ಬದುಕಿದೆವು!"

ಗುರುಗಳು ಅವನ ಕೆನ್ನೆಯ ಮೇಲಿನ ಕಣ್ಣೀರು ಒರೆಸಿದರು. ಬೇರಿನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಎತ್ತಿ ಅವನ ಕೈಗಿಟ್ಟರು.

"ಕೇತಮ್ಮನನ್ನು ಎಲ್ಲಿ ಬಿಟ್ಟು ಬಂದೆ, ಮಗು?"