ಗಳುವಿನ ಮೇಲೆ ಒಬ್ಬರ ಜಾಗ

ಸಂತೆಯಿಂದ ಒಂದೇ ಬುಟ್ಟಿಯಲ್ಲಿ ಬಂದ ಅಕ್ಕ ತಂಗಿ ಹೇಂಟೆಗಳನ್ನು ಸಿದ್ದವ್ವ ಹಿತ್ತಲ ಮೂಲೆಗೆ ಬಲೆ ಕಟ್ಟಿ ಒಳಗೆ ಬಿಟ್ಟಳು. ಹಳೆಯ ಕೋಳಿಗಳು ಹೊಸಬರ ಮುಖಕ್ಕೆ ಒಗ್ಗಿಕೊಳ್ಳಲಿ ಎಂಬುದು ಅವಳ ಎಣಿಕೆ. ಹತ್ತು ದಿನ ಇಬ್ಬರೂ ರೆಕ್ಕೆಗೆ ರೆಕ್ಕೆ ಹಚ್ಚಿ ಕೂತು, ಆಚೆ ಬೂದಿಗುಂಡಿಯಲ್ಲಿ ಹೊರಳಾಡುವ ಗುಂಪನ್ನೇ ಆಸೆಗಣ್ಣಿಂದ ನೋಡಿದರು.

"ಒಂದು ದಿನ ನಾವಿಬ್ಬರೂ ಅಲ್ಲಿರುತ್ತೇವೆ," ಎನ್ನುತ್ತಿದ್ದಳು ಅಕ್ಕ.

ಹನ್ನೊಂದನೆಯ ಸಂಜೆ ಸಿದ್ದವ್ವ ಬಲೆ ಬಿಚ್ಚಿದಳು. ಅಕ್ಕ ತಂಗಿ ಗೂಡಿಗೆ ಓಡಿದರು. ಗುಂಪಿನ ಯಜಮಾನಿಯಾದ ಮುದಿ ಹೇಂಟೆ, ಕೋಳಿಗಳು ಮಲಗುವ ಬಿದಿರ ಗಳುವಿನ ಮೇಲಿಂದಲೇ ಹೇಳಿದಳು:

"ಇಲ್ಲಿ ಉಳಿದಿರುವುದು ಒಬ್ಬರ ಜಾಗ. ಯಾರು ಬರುತ್ತೀರಿ?"

ಅಕ್ಕ ತಂಗಿಯ ಮುಖ ನೋಡುವಷ್ಟರಲ್ಲಿ ತಂಗಿ ಹಾರಿ ಕೂತಾಗಿತ್ತು.

"ತಂಗೀ, ಚೂರು ಪಕ್ಕಕ್ಕೆ ಸರಿಯೇ. ಇಷ್ಟು ದಿನ ಗೇಣು ಜಾಗದಲ್ಲಿ ಒಟ್ಟಿಗೆ ಮಲಗಿದವರಲ್ಲವೇ ನಾವು?"

"ಮೆಲ್ಲಗೆ ಮಾತಾಡಕ್ಕ," ಎಂದಳು ತಂಗಿ, ಕುತ್ತಿಗೆ ಬಗ್ಗಿಸದೆ. "ನಾನೂ ಹೊಸಬಳೆಂದು ಇವರಿಗೆ ನೆನಪಾದೀತು."

ಗೂಡಿನ ಇನ್ನೊಂದು ಬದಿಗೆ ಬೆಚ್ಚನೆಯ ಹುಲ್ಲಿತ್ತು. ಆದರೂ ಅಕ್ಕ, ತಂಗಿಯ ನೇರ ಕೆಳಗೆ, ಬರಿನೆಲದ ಮೇಲೆ ಕೂತಳು. ಅಲ್ಲಿಗೆ ತಂಗಿಯ ಉಸಿರಾದರೂ ಕೇಳುತ್ತಿತ್ತು.